ಬೋಲ್ಟ್ ಬಿಗಿದವರು ಕೂರೋ ಸೀಟು

ಒಂದು ಹೊಳೆ. ಹೊಳೆ ದಡದಲ್ಲಿ ಒಂದು ಹುಣಸೆಮರ. ಅದರ ನೆರಳಲ್ಲಿ ಬುಡೇನ್ ಉಸ್ತಾದರ ಗ್ಯಾರೇಜು.

ಗೋಡೆ ಇಲ್ಲ, ಬಾಗಿಲಿಲ್ಲ. ನಾಲ್ಕು ಕಂಬ, ಮೇಲೆ ತಗಡು. ಆದ್ರೂ ಕೆಲಸ ಕಲಿಯೋಕೆ ಬಂದವರು ಅದ್ಯಾಕೋ ಚಪ್ಪಲಿ ಆಚೆ ಬಿಟ್ಟೇ ಒಳಗೆ ಕಾಲಿಡ್ತಿದ್ರು.

"ಹಾಕ್ಕೊಳ್ರಪ್ಪಾ, ಮೊಳೆ ಚುಚ್ಚತ್ತೆ," ಅಂತ ಉಸ್ತಾದರು ಬೈಯೋರು.

ಬೈದಿದ್ದು ಬಿಟ್ರೆ ಅವರು ಜಾಸ್ತಿ ಮಾತಾಡೋರಲ್ಲ. ಗ್ಯಾರೇಜಿಗೂ ಜಾಸ್ತಿ ಕಟ್ಟಳೆ ಇಲ್ಲ. ಇದ್ದಿದ್ದು ಒಂದೇ. ಬೋಲ್ಟ್ ಯಾರು ಬಿಗೀತಾರೋ, ಗಾಡಿ ಮೊದಲ ಸಲ ಬೆಟ್ಟ ಹತ್ತುವಾಗ ಆ ಬೋಲ್ಟಿನ ನೇರಕ್ಕೆ ಮೇಲಿರೋ ಸೀಟಲ್ಲಿ ಅವರೇ ಕೂರಬೇಕು.

ಸರಿಯಾಗಿ ಬಿಗಿದಿದ್ರೆ ಸುಖ. ಇಲ್ದಿದ್ರೆ ಸೊಂಟಕ್ಕೇ ಗೊತ್ತಾಗತ್ತೆ.

ಒಂದು ದಿನ ಬೆಳಿಗ್ಗೆ ಉಸ್ತಾದರ ಶಿಷ್ಯೆ ಮಾದೇವಿ ಓಡ್ಕೊಂಡು ಬಂದ್ಲು. ಕೆದರಿದ ಕೂದಲು, ಉಸಿರು ಮೇಲಕ್ಕೆ ಕೆಳಕ್ಕೆ.

"ಉಸ್ತಾದ್! ಬರತ್ತಂತೆ! ನಾಳೇನೇ ಬರತ್ತಂತೆ!"

"ಏನು, ಮಳೆನಾ?"

"ಕಣ್ಣಿನ ಆಸ್ಪತ್ರೆ ಬಸ್ಸು! ಸ್ಕೂಲ್ ಮೈದಾನಕ್ಕೆ! ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಹೊರಟುಬಿಡತ್ತಂತೆ. ಅಷ್ಟರೊಳಗೆ ಯಾರ್ಯಾರು ಬರ್ತಾರೋ ಅವರನ್ನೆಲ್ಲ ಕರ್ಕೊಂಡು ಹೋಗಿ ಆಪರೇಷನ್ ಮಾಡಿ ಕಳಿಸ್ತಾರಂತೆ!"

ಉಸ್ತಾದರು ಟೀ ಲೋಟ ಕೆಳಗಿಟ್ರು. ಬೆಟ್ಟದ ಕಡೆ ನೋಡಿದ್ರು. ಆಮೇಲೆ ಮೂಲೇಲಿ ನಿಂತಿದ್ದ ಜೀಪಿನ ಕಡೆ ನೋಡಿದ್ರು.

ಬೆಟ್ಟದ ಮೇಲೆ ದೊಡ್ಡಿ ಅನ್ನೋ ಪುಟ್ಟ ಊರಲ್ಲಿ ಮಾದೇವಿಯ ಅಜ್ಜಿ ಇದ್ಲು. ದುಂಡಮ್ಮ. ಮಾದೇವಿನ ಹಾಲುಗೂಸಿಂದ ಸಾಕಿದೋಳು. ಈಗ ಎರಡು ಕಣ್ಣಿಗೂ ಪೊರೆ ಬಂದು, ಮೊಮ್ಮಗಳ ಮುಖನ ಕೈಯಲ್ಲಿ ಸವರಿ ನೋಡ್ತಿದ್ಲು.

ಹೋದ ಸಲ ಬಸ್ಸು ಬಂದಾಗ್ಲೂ ಇದೇ ಜೀಪಲ್ಲಿ ಅಜ್ಜಿನ ಹತ್ತಿಸಿದ್ರು. ಆದ್ರೆ ಅದೇನು ದಾರಿನಾ? ಬಂಡೆ ಮೇಲೆ ಬಂಡೆ. ಜೀಪಿನ ಹೊಟ್ಟೆ ಕಲ್ಲಿಗೆ ತಗುಲಿ ಕರಕರ ಅಂತು. ಹಿಂದಿನ ಸೀಟು ಕರು ನೆಗೆದಂಗೆ ನೆಗೀತು. ಮೆಟ್ಟಿಲು ಬಂಡೆ ಅಂತ ಒಂದಿದೆ, ಅಲ್ಲಿ ಅಜ್ಜಿ "ನಿಲ್ಸ್ರೋ!" ಅಂತ ಕೂಗಿ ಇಳಿದೇಬಿಟ್ಲು.

"ಕುರುಡಿಯಾಗಿ ಬದುಕ್ತೀನಿ ಕಣವ್ವ, ಸೊಂಟ ಮುರ್ಕೊಂಡು ಬದುಕಲ್ಲ," ಅಂದ್ಲು. ಮಾದೇವಿ ಕೈ ಹಿಡ್ಕೊಂಡು ನಡ್ಕೊಂಡೇ ಬೆಟ್ಟ ಹತ್ತಿದ್ಲು.

ಅದಾದ್ಮೇಲೆ ಉಸ್ತಾದರು ಜೀಪನ್ನ ಎತ್ತರ ಮಾಡಿದ್ರು. ಸ್ಪ್ರಿಂಗಿಗೂ ಆಕ್ಸಲ್‌ಗೂ ಮಧ್ಯೆ ದಪ್ಪ ಕಬ್ಬಿಣದ ತುಂಡು ಕೂರಿಸಿ, ದೊಡ್ಡ ಟಯರ್ ಹಾಕಿದ್ರು. ಹೊಟ್ಟೆ ಈಗ ಕಲ್ಲಿಗೆ ತಗಲ್ತಿರ್ಲಿಲ್ಲ. ಆದ್ರೆ ಸ್ಪ್ರಿಂಗಿನ ಕುಣಿತ ತಡೆಯೋ ಹಿಂದಿನ ಹಳೇ ಶಾಕ್ ಅಬ್ಸಾರ್ಬರ್ ಎರಡೂ ಮೋಟಾಗಿಬಿಟ್ವು. ಜೀಪು ಮೇಲಕ್ಕೆ ಹೋಯ್ತು, ಅವು ಮಾತ್ರ ತೋಳು ಚಾಚ್ಕೊಂಡು ನೇತಾಡೋ ಹಂಗಾಯ್ತು. ಒಂದಂತೂ ಮೊದಲ್ನೇ ಗುಂಡೀಲೇ ತನ್ನನ್ನ ಹಿಡಿದಿದ್ದ ಬ್ರಾಕೆಟ್ಟನ್ನೇ ಕಿತ್ಕೊಂಡು ಬಂತು.

ಉಸ್ತಾದರು ಎದ್ರು. "ಹಿಂದಿನ ಶಾಕ್ ಇವತ್ತು ಹಾಕ್ಬೇಕು. ನೀನೇ ಹಾಕು."

"ನಾನಾ? ಒಬ್ಬಳೇನಾ?"

"ಅಜ್ಜಿ ನಿಂದಾ, ನಂದಾ?"

ಮಾದೇವಿಗೆ ಎದೆ ಡವಡವ ಅಂತು. ಹೆದರಿಕೆಗಲ್ಲ. ಖುಷಿಗೆ! ಇಷ್ಟು ದಿನ ಅವಳು ಸ್ಪ್ಯಾನರ್ ಎತ್ತಿ ಕೊಡ್ತಿದ್ಲು, ಅಷ್ಟೇ. ಇವತ್ತು ಪೂರ್ತಿ ಗಾಡಿ ಹಿಂಭಾಗ ಅವಳದ್ದು.

ಶಾಕ್‌ಗಳ ರಾಶಿ ಹತ್ರ ಓಡಿದ್ಲು. ಎಲ್ಲಕ್ಕಿಂತ ಉದ್ದ ಇರೋ ಜೊತೆನ ಎಳೆದು ಹೆಗಲ ಮೇಲೆ ಹಾಕ್ಕೊಂಡು ಬಂದ್ಲು.

"ಇದೇ ಉಸ್ತಾದ್! ಮೋಟಾಯ್ತು ಅಂತ ತಾನೇ ತೊಂದ್ರೆ ಆಗಿದ್ದು? ಇದು ಯಾವತ್ತೂ ಮೋಟಾಗಲ್ಲ!"

ಉಸ್ತಾದರು ಕೆಲಸದ ಬೆಂಚು ತೋರಿಸಿದ್ರು. "ಅದರ ಕೆಳಗೆ ಕೂತ್ಕೋ."

ಮಾದೇವಿ ನುಸುಳಿ ಕೂತ್ಲು.

"ಈಗ ಎದ್ದು ನಿಂತ್ಕೋ."

ಟಣ್! ತಲೆ ಹಲಗೆಗೆ ಬಡೀತು.

"ಅಯ್ಯೋ! ಇಲ್ಲಿ ಹೆಂಗೆ ನಿಂತ್ಕೊಳ್ಳೋದು ಉಸ್ತಾದ್?"

"ಯಾಕೆ? ನೀನು ಉದ್ದ ಇದೀಯ. ಉದ್ದ ಇದ್ರೆ ಒಳ್ಳೇದಲ್ವಾ?"

ಮಾದೇವಿ ತಲೆ ಉಜ್ಕೊಂಡು ಅಲ್ಲೇ ಕೂತಿದ್ಲು. ಕೂತಿದ್ದೋಳು ಇದ್ದಕ್ಕಿದ್ದಂಗೆ ಕಣ್ಣರಳಿಸಿದ್ಲು.

"ಗೊತ್ತಾಯ್ತು! ಚಾಚೋದು ಮಾತ್ರ ಅಲ್ಲ, ಮಡಚ್ಕೊಳ್ಳೋಕೂ ಬರ್ಬೇಕು! ಬಂಡೆ ಹತ್ತಿದಾಗ ಚಕ್ರ ಮೇಲೆ ಬರತ್ತೆ. ಆಗ ಇಷ್ಟುದ್ದದ್ದು ಎಲ್ಲಿ ಹೋಗತ್ತೆ? ಮಡಚ್ಕೊಳ್ಳೋಕೆ ಆಗ್ದೆ ಬ್ರಾಕೆಟ್ಟನ್ನೇ ಒಡೆಯತ್ತೆ!"

ಉಸ್ತಾದರು ಜೇಬಿಂದ ಒಂದು ದಾರ ತೆಗೆದು ಅವಳ ಮುಂದೆ ಎಸೆದ್ರು.

ಮಾದೇವಿ ಜೀಪಿಗೆ ಜಾಕಿ ಕೊಟ್ಟು ಎತ್ತಿದ್ಲು. ಹಿಂದಿನ ಚಕ್ರಗಳು ಗಾಳೀಲಿ ನೇತಾಡಿದ್ವು. ಮೇಲಿನ ಬ್ರಾಕೆಟ್ಟಿಂದ ಕೆಳಗಿನ ಬ್ರಾಕೆಟ್ಟಿಗೆ ದಾರ ಹಿಡಿದು ಒಂದು ಗಂಟು ಹಾಕಿದ್ಲು. ಜೀಪು ಇಳಿಸಿ, ಒಂದು ಚಕ್ರನ ಹೊಳೆ ದಡದ ಬಂಡೆ ಮೇಲೆ ಹತ್ತಿಸಿದ್ಲು, ಸ್ಪ್ರಿಂಗು ಪೂರ್ತಿ ಮಡಚ್ಕೊಂಡು ಮೇಲಿನ ತಡೆ ರಬ್ಬರಿಗೆ ಒತ್ತೋವರೆಗೂ. ಮತ್ತೆ ದಾರ, ಮತ್ತೆ ಗಂಟು.

"ಚಾಚಿದಾಗ ಇಷ್ಟು! ಮುದುರಿದಾಗ ಇಷ್ಟು! ಉಸ್ತಾದ್, ಈ ಎರಡು ಗಂಟಿನ ಮಧ್ಯೆ ಇದೆ ಇಡೀ ಬೆಟ್ಟ!"

"ಬೆಟ್ಟ ಆಮೇಲೆ. ಶಾಕ್ ಹುಡುಕು."

ಉದ್ದದ್ದು ಪೂರ್ತಿ ಮುದುರಿದ್ರೂ ಆ ಜಾಗದಲ್ಲಿ ಹಿಡೀತಿರ್ಲಿಲ್ಲ. ಮಧ್ಯಮ ಅಳತೆಯ ಜೊತೆ ಮುದುರಿದಾಗ ಧಾರಾಳ ಜಾಗ ಬಿಡ್ತಿತ್ತು, ಆದ್ರೆ ಚಾಚಿದಾಗ ನಾಲ್ಕು ಬೆರಳು ಕಮ್ಮಿ. ಮಾದೇವಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ್ಲು. ಮುಖ ಸಪ್ಪಗಾಯ್ತು.

"ಯಾವುದೂ ಆಗಲ್ಲ ಉಸ್ತಾದ್."

"ಬಾವೀಲಿ ನೀರು ಕೈಗೆ ಎಟುಕದಿದ್ರೆ ಏನ್ಮಾಡ್ತೀಯ? ಕೈ ಬೆಳೆಸ್ತೀಯಾ?"

"ಇಲ್ಲ. ಮೆಟ್ಲು ಇಳೀತೀನಿ." ಹೇಳಿದೋಳೇ ಎಗರಿ ನಿಂತ್ಲು. "ಅಂದ್ರೆ ಶಾಕ್ ಬದಲಾಯಿಸೋದಲ್ಲ! ಅದು ನಿಲ್ಲೋ ಜಾಗ ಬದಲಾಯಿಸೋದು! ಕೆಳಗಿನ ಬ್ರಾಕೆಟ್ಟನ್ನ ನಾಲ್ಕು ಬೆರಳು ಮೇಲಕ್ಕೆ ತಂದ್ರೆ ಚಾಚಿದಾಗ್ಲೂ ಎಟುಕತ್ತೆ. ಮುದುರಿದಾಗ ಹೆಂಗೂ ಜಾಗ ಉಳಿದಿದೆ!"

ದಪ್ಪ ಪ್ಲೇಟ್ ಕತ್ತರಿಸಿ ಅವಳೇ ಬ್ರಾಕೆಟ್ ಮಾಡಿದ್ಲು. ಉಸ್ತಾದರು ವೆಲ್ಡಿಂಗ್ ಹಿಡಿದ್ರು. ನೀಲಿ ಬೆಳಕು ಚಿಮ್ಮಿತು.

ಆಮೇಲೆ ಬೋಲ್ಟು. ಮಾದೇವಿ ಡಬ್ಬದಿಂದ ಫಳಫಳ ಹೊಳೆಯೋದನ್ನ ಆರಿಸ್ಕೊಂಡ್ಲು. ತುದಿಯಿಂದ ತಲೆವರೆಗೂ ಥ್ರೆಡ್ಡಿನ ಸುರುಳಿ, ಬೆಳ್ಳಿ ಥರ.

ಉಸ್ತಾದರು ಅದನ್ನ ಬೆಂಚಿನ ಮೇಲಿನ ದೊಡ್ಡ ಇಕ್ಕಳದಂಥ ವೈಸಿಗೆ ಕಚ್ಚಿಸಿ ಸುತ್ತಿಗೇಲಿ ಬಡಿದ್ರು. ಥ್ರೆಡ್ ಇದ್ದಲ್ಲಿ ಸೌತೆಕಾಯಿ ಮುರಿದಂಗೆ ಲಟಕ್ಕಂತ ಮುರೀತು.

ಇನ್ನೊಂದು ಬೋಲ್ಟ್ ತೆಗೆದ್ರು. ಮಂಕು ಬಣ್ಣ. ಮುಕ್ಕಾಲು ಭಾಗ ನುಣ್ಣಗೆ, ತುದೀಲಿ ಮಾತ್ರ ಥ್ರೆಡ್ಡು. ಅದಕ್ಕೂ ಬಡಿದ್ರು. ಸುತ್ತಿಗೆ ಪುಟಿದು ವಾಪಸ್ ಬಂತು.

ಮಾದೇವಿ ಆ ನುಣುಪಿನ ಮೇಲೆ ಬೆರಳಾಡಿಸಿದ್ಲು. "ಭಾರ ಬೀಳೋ ಜಾಗ ಇದು. ಥ್ರೆಡ್ ಇರೋದು ನಟ್ಟು ಹಿಡ್ಕೊಳ್ಳೋಕೆ ಮಾತ್ರ."

"ಹ್ಞೂಂ."

ಉಸ್ತಾದರ ಬಾಯಲ್ಲಿ ಹ್ಞೂಂ ಬಂತು ಅಂದ್ರೆ ಹಬ್ಬ! ಮಾದೇವಿಗೆ ರೆಕ್ಕೆ ಬಂದಂಗಾಯ್ತು. ಮತ್ತೆ ಜಾಕಿ ಕೊಟ್ಟು ಜೀಪು ಎತ್ತಿದ್ಲು, ಕೆಳಗೆ ಆರಾಮಾಗಿ ಮಲಗಿ ಕೆಲಸ ಮಾಡೋಕೆ. ಶಾಕಿನ ಎರಡೂ ತುದೀಲಿ ಬೋಲ್ಟ್ ತೂರೋ ಕಣ್ಣಿಗೆ ರಬ್ಬರ್ ಬುಶ್ ಅನ್ನೋ ಬಳೆ ಕೂರಿಸಿದ್ಲು. ಬೋಲ್ಟ್ ತೂರಿಸಿದ್ಲು, ವಾಶರ್ ಹಾಕಿದ್ಲು. ಸ್ಪ್ಯಾನರಿಗೆ ಪೈಪ್ ಸಿಗಿಸಿ, ಹಲ್ಲು ಕಚ್ಚಿ, ಮೈಯೆಲ್ಲ ಬಳಸಿ ಬಿಗಿದ್ಲು. ಮೇಲಿಂದೂ ಬಿಗಿದ್ಲು, ಕೆಳಗಿಂದೂ ಬಿಗಿದ್ಲು.

ಉಸ್ತಾದರು ಹುಣಸೆಮರಕ್ಕೆ ಒರಗಿ ನೋಡ್ತಾನೇ ಇದ್ರು.

"ಬಿಗಿ ಆಯ್ತಾ?"

"ಆನೆ ಬಂದು ಎಳೆದ್ರೂ ಅಲ್ಲಾಡಲ್ಲ ಉಸ್ತಾದ್!"

ಉಸ್ತಾದರು ಜೀಪಿನ ಕೆಳಗೆ ಒಂದ್ಸಲ ಬಗ್ಗಿ ನೋಡಿದ್ರು. ಹೆಗಲ ಮೇಲಿನ ಟವಲಲ್ಲಿ ಏನನ್ನೋ ಸುತ್ತಿ ಜೀಪಿನ ಸೀಟಿನ ಕೆಳಗೆ ಇಟ್ರು.

ಬೆಳಗಾಯ್ತು. ಉಸ್ತಾದರು ಸ್ಟೇರಿಂಗ್ ಹಿಡಿದ್ರು. ಕಟ್ಟಳೆ ಪ್ರಕಾರ ಮಾದೇವಿ ಹಿಂದೆ, ತಾನು ಬಿಗಿದ ಬೋಲ್ಟಿನ ನೇರಕ್ಕೆ, ಮಹಾರಾಣಿ ಥರ ಕೂತ್ಲು.

ಜೀಪು ಹೊಳೆ ದಾಟಿತು. ಬೆಟ್ಟದ ಬುಡಕ್ಕೆ ಬಂತು. ಮೊದಲ ಬಂಡೆ ಹತ್ತಿತು.

ಕೀಂಯ್.

ಮಾದೇವಿ ಕಿವಿ ನಿಮಿರಿತು. ಎರಡನೇ ಬಂಡೆ. ಕೀಂಯ್, ಕೀಂಯ್. ಕುಣಿತವೇನೋ ನಿಂತಿತ್ತು, ಆದ್ರೆ ಅದರ ಬದಲು ಕೆಳಗಿಂದ ಯಾರೋ ಗುದ್ದಿದಂಗೆ ಒಂದೊಂದೇ ಬಿಗಿಯಾದ ಏಟು.

"ಉಸ್ತಾದ್, ಏನೋ ಕಿರುಗುಡ್ತಾ ಇದೆ!"

"ನನಗೇನು ಕೇಳ್ತೀಯ? ಮೇಲೆ ಕೂತಿರೋಳು ನೀನು."

ದೊಡ್ಡಿಗೆ ಬಂದಾಗ ದುಂಡಮ್ಮ ಅಂಗಳದಲ್ಲೇ ಇದ್ಲು. ಕೋಲು ಊರ್ಕೊಂಡು, ಕುತ್ತಿಗೆ ವಾಲಿಸ್ಕೊಂಡು ಕೇಳಿಸ್ಕೊಳ್ತಿದ್ಲು.

"ಯಾರ್ದು ಜೀಪು? ಹಸುಗೂಸು ಅತ್ತಂಗೆ ಅಳ್ತಾ ಇದೆ?"

"ಅಜ್ಜಿ! ನಾನು! ಬಸ್ ಬಂದಿದೆ ಅಜ್ಜಿ, ನಡಿ!"

ಅಜ್ಜಿ ಕೈ ಚಾಚಿ ಜೀಪನ್ನ ಸವರಿದ್ಲು. ಕೈ ಮೇಲೆ ಹೋಯ್ತು, ಇನ್ನೂ ಮೇಲೆ ಹೋಯ್ತು.

"ಇದೇನು ಕೂಸೇ, ಇದು ಬೆಳೆದುಬಿಟ್ಟಿದೆ!"

"ಹ್ಞೂಂ ಅಜ್ಜಿ! ಈಗ ಹೊಟ್ಟೆ ತಗಲಲ್ಲ!"

"ಹೊಟ್ಟೆ ತಗಲಲ್ಲ ಸರಿ. ಅಳ್ತಾ ಇದೆಯಲ್ಲ, ಯಾಕೆ?" ಅಜ್ಜಿ ಕೋಲು ಕುಟ್ಟಿದ್ಲು. "ಸಾಬ್ರೇ, ನೀವು ದೊಡ್ಡೋರು, ಬೇಜಾರು ಮಾಡ್ಕೋಬೇಡಿ. ಅಳೋ ಗಾಡಿ ನಾನು ಹತ್ತಲ್ಲ. ಅದಕ್ಕೇ ನೋವಿದ್ರೆ ನನ್ನ ಸೊಂಟದ ನೋವು ಅದಕ್ಕೇನು ಗೊತ್ತಾಗತ್ತೆ?"

ಹೇಳಿ ಜಗಲಿ ಮೇಲೆ ಕೂತೇಬಿಟ್ಲು. ದುಂಡಮ್ಮ ಕೂತ್ಲು ಅಂದ್ರೆ ಕೂತ್ಲು. ಇಡೀ ದೊಡ್ಡಿಗೆ ಗೊತ್ತು.

ಹೊತ್ತು ಏರ್ತಿತ್ತು. ಕೆಳಗೆ ಹೊಳೆ ಆಚೆ, ಸ್ಕೂಲ್ ಮೈದಾನದಲ್ಲಿ ಬಿಳೀ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣ್ತಿತ್ತು.

ಮಾದೇವಿ ಜೀಪಿನ ಕೆಳಗೆ ನುಗ್ಗಿದ್ಲು. ಬೋಲ್ಟು ಗಟ್ಟಿ. ಬ್ರಾಕೆಟ್ಟು ಗಟ್ಟಿ. ಆದ್ರೆ ರಬ್ಬರ್ ಬುಶ್? ಒಗೆದ ಬಟ್ಟೆ ಹಿಂಡಿದಂಗೆ ತಿರುಚ್ಕೊಂಡಿತ್ತು. ನಾಲ್ಕೂ!

ತೆವಳ್ಕೊಂಡು ಆಚೆ ಬಂದ್ಲು. ಕಣ್ಣಲ್ಲಿ ನೀರು.

"ಉಸ್ತಾದ್, ಎಲ್ಲಾ ಸರಿ ಇದೆ. ಆದ್ರೂ ಬುಶ್ ತಿರುಚ್ಕೊಂಡಿದೆ. ಯಾಕೆ?"

"ನಿಂತ್ಕೋ."

ನಿಂತ್ಲು. ಉಸ್ತಾದರು ಜೀಪಿನ ಪಕ್ಕದ ಕಬ್ಬಿಣದ ಕೊಳವೆ ತೋರಿಸಿದ್ರು. "ಗಟ್ಟಿಯಾಗಿ ಹಿಡ್ಕೋ. ಆನೆ ಬಂದು ಎಳೆದ್ರೂ ಅಲ್ಲಾಡಬಾರದು."

ಹಿಡಿದ್ಲು.

"ಈಗ ಹಿಡಿತ ಬಿಡದೆ, ಕೆಳಗೆ ಕೂತ್ಕೋ."

ಮಾದೇವಿ ಕೂರೋಕೆ ಹೋದ್ಲು. ಮಣಿಕಟ್ಟು ತಿರುಚ್ಕೊಂತು. "ಆ! ಆಗಲ್ಲ! ಕೈ ನೋಯತ್ತೆ!"

"ಹಿಡಿದಿದ್ದು ಯಾವಾಗ?"

"ನಿಂತಿದ್ದಾಗ..."

"ಇರ್ಬೇಕಾಗಿದ್ದು?"

"ಕೂತು..."

ಮಾದೇವಿ ಬಾಯಿ ಹಂಗೇ ತೆರೆದುಕೊಂಡಿತ್ತು. ಆಮೇಲೆ ಎಂಥಾ ಕೂಗು ಕೂಗಿದ್ಲು ಅಂದ್ರೆ ಅಂಗಳದ ಕೋಳಿಯೆಲ್ಲ ಚದುರಿಹೋದ್ವು.

"ನಾನು ಜೀಪನ್ನ ಎತ್ತಿ ಬಿಗಿದೆ! ಚಕ್ರ ನೇತಾಡ್ತಿದ್ದಾಗ ಬಿಗಿದೆ! ಜೀಪು ಇಳಿಸಿದ ತಕ್ಷಣ ಆಕ್ಸಲ್ ತನ್ನ ಜಾಗಕ್ಕೆ ಬಂತು, ಬುಶ್ ಮಾತ್ರ ನೇತಾಡೋ ಜಾಗದಲ್ಲೇ ಸಿಕ್ಕಾಕ್ಕೊಂಡ್ತು! ಉಸ್ತಾದ್, ಅದು ನಿಂತಲ್ಲೇ ಅಳ್ತಿತ್ತು! ಭಾರ ಕೂತ ಮೇಲೆ ಬಿಗೀಬೇಕು!"

"ಹಂಗಾದ್ರೆ ಮಾಡು."

"ಸ್ಪ್ಯಾನರ್ ಎಲ್ಲಿ? ಅಯ್ಯೋ, ಸ್ಪ್ಯಾನರೆಲ್ಲ ಗ್ಯಾರೇಜಲ್ಲಿ!"

ಉಸ್ತಾದರು ಸೀಟಿನ ಕೆಳಗೆ ಕೈ ಹಾಕಿ ಟವಲಿನ ಗಂಟು ತೆಗೆದು ಅವಳ ಕೈಲಿಟ್ರು. ಬಿಚ್ಚಿದ್ರೆ, ನಿನ್ನೆ ಅವಳು ಬಳಸಿದ ಅದೇ ಎರಡು ಸ್ಪ್ಯಾನರು!

ಮಾದೇವಿ ಸ್ಪ್ಯಾನರ್ ನೋಡಿದ್ಲು. ಉಸ್ತಾದರ ಮುಖ ನೋಡಿದ್ಲು. ಕೇಳೋಕೆ ಹೊತ್ತಿರ್ಲಿಲ್ಲ.

ಸಮ ನೆಲದಲ್ಲಿ ಜೀಪು ನಿಲ್ಲಿಸಿ ನಾಲ್ಕೂ ನಟ್ ಸಡಿಲ ಮಾಡಿದ್ಲು. ಬುಶ್‌ಗಳು ಪುಸಕ್ಕಂತ ತಮ್ಮ ಜಾಗಕ್ಕೆ ವಾಪಸ್ ಬಂದ್ವು. ನಿಟ್ಟುಸಿರು ಬಿಟ್ಟಂಗೆ. ರಬ್ಬರು ಇನ್ನೂ ಹೊಸದು, ಎಲ್ಲೂ ಹರಿದಿರ್ಲಿಲ್ಲ.

"ಅಜ್ಜಿ, ಒಂಚೂರು ಬಂದು ಕೂತ್ಕೋ."

"ಹತ್ತಲ್ಲ ಅಂದ್ನಲ್ಲ."

"ಹೋಗೋಕಲ್ಲ ಅಜ್ಜಿ, ಬರೀ ಕೂರೋಕೆ! ಇವತ್ತು ಎಷ್ಟು ಭಾರ ಹೊರತ್ತೋ ಅಷ್ಟು ಭಾರ ಇಟ್ಟೇ ಬಿಗೀತೀನಿ. ಆಮೇಲೆ ಬೇಕಾದ್ರೆ ಇಳ್ಕೋ."

"ಕೇಳಿದ್ರಾ ಸಾಬ್ರೇ? ನನ್ನನ್ನ ತೂಕದ ಕಲ್ಲು ಮಾಡ್ತಾಳಂತೆ!" ಬೈಕೊಂಡೇ ಅಜ್ಜಿ ಎದ್ಲು. ಅಂಗಳದ ಒರಳುಕಲ್ಲಿನ ಮೇಲೆ ಕಾಲಿಟ್ಟು, ಉಸ್ತಾದರ ಹೆಗಲು ಹಿಡಿದು, ಹಿಂದಿನ ಸೀಟಿಗೆ ಹತ್ತಿದ್ಲು. ಉಸ್ತಾದರೂ ಮುಂದೆ ಹತ್ತಿ ಕೂತ್ರು.

ಜೀಪು ಒಂಚೂರು ಕೆಳಗಿಳಿದು ನಿಂತಿತು.

ಎತ್ತರ ಮಾಡಿದ ಜೀಪಲ್ವಾ, ಜಾಕಿ ಬೇಕಾಗ್ಲಿಲ್ಲ. ಮಾದೇವಿ ಕೆಳಗೆ ತೂರಿ ಮಲಗಿದ್ಲು. ಬೆನ್ನಿಗೆ ಕಲ್ಲು ಚುಚ್ತಿತ್ತು, ಕೈ ಸರಿಯಾಗಿ ಆಡ್ತಿರ್ಲಿಲ್ಲ, ಕಣ್ಣಿಗೆ ಮಣ್ಣು ಉದುರ್ತಿತ್ತು. ನಿನ್ನೆಯ ಸುಖ ಇಲ್ಲ. ಆದ್ರೆ ಒಂದೊಂದೇ ನಟ್ಟು ಬಿಗೀತಾ ಬಂದಂಗೆ ಬುಶ್ ಒಂದೂ ತಿರುಚ್ಲಿಲ್ಲ. ಕೂತಿದ್ದು ಕೂತಂಗೇ ಇತ್ತು.

ಮೇಲಿಂದ ಅಜ್ಜಿ ಕೂಗಿದ್ಲು. "ಏನೇ, ನನ್ನ ತೂಕ ಸಾಕಾ? ಬೆಳಿಗ್ಗೆ ಎರಡು ಮುದ್ದೆ ಉಂಡಿದೀನಿ!"

"ಸರಿಯಾಗಿದೆ ಅಜ್ಜಿ! ಆಯ್ತು! ಇಳ್ಕೋ ಬೇಕಾದ್ರೆ!"

ಅಜ್ಜಿ ಸೀಟಿನ ಮೇಲೆ ಒಂದ್ಸಲ ಅಲ್ಲಾಡಿ ನೋಡಿದ್ಲು. ಕಿವಿ ಕೊಟ್ಟು ಕೇಳಿದ್ಲು. ಸದ್ದಿಲ್ಲ.

"ಇಷ್ಟೆತ್ತರ ಯಾರು ಇಳೀತಾರೆ ಹೋಗೇ. ನಡೀರಿ ಸಾಬ್ರೇ. ಆದ್ರೆ ಆ ಮೆಟ್ಟಿಲು ಬಂಡೆ ಹತ್ರ ಹೇಳಿ. ಅಲ್ಲಿ ನಾನು ಉಸಿರು ಬಿಗಿ ಹಿಡೀಬೇಕು."

ಮಾದೇವಿ ಹಾರಿ ಅಜ್ಜಿ ಪಕ್ಕ ಕೂತ್ಲು. ಅಜ್ಜಿ ಅವಳ ತೋಳನ್ನ ಎರಡೂ ಕೈಲಿ ಅವಚಿ ಹಿಡ್ಕೊಂಡ್ಲು.

ಜೀಪು ಇಳಿಯೋಕೆ ಶುರು ಮಾಡಿತು.

ಅಬ್ಬಾ, ಅದೇನು ಇಳಿಯೋದು! ಒಂದು ಚಕ್ರ ಗುಂಡಿಗೆ ಇಳಿದ್ರೆ ಶಾಕ್ ತೋಳು ಚಾಚಿ ಅದನ್ನ ಹಿಡೀತಿತ್ತು. ಇನ್ನೊಂದು ಬಂಡೆ ಹತ್ತಿದ್ರೆ ಮಡಚ್ಕೊಂಡು ದಾರಿ ಬಿಡ್ತಿತ್ತು. ಸ್ಪ್ರಿಂಗು ಕುಣಿಯೋಕೆ ಹೊರಟ್ರೆ, ಸಾಕು ಕೂತ್ಕೋ ಅಂತ ಗದರಿಸಿದಂಗೆ ಅಲ್ಲಿಗೇ ನಿಲ್ಸ್ತಿತ್ತು. ಕೀಂಯ್ ಇಲ್ಲ. ಗುದ್ದಿಲ್ಲ. ತೂಗುಮಂಚ ಬೆಟ್ಟ ಇಳಿದಂಗೆ! ಮಾದೇವಿಗೆ ಕೂಗ್ಬೇಕು ಅನ್ನಿಸ್ತಿತ್ತು. ಅಜ್ಜಿ ಬೆಚ್ಚಿ ಬೀಳ್ತಾಳೆ ಅಂತ ತುಟಿ ಕಚ್ಚಿ ಹಿಡಿದಿದ್ಲು.

ಮೆಟ್ಟಿಲು ಬಂಡೆ ಬಂತು. ಉಸ್ತಾದರು ಮಾತಾಡ್ಲಿಲ್ಲ. ಜೀಪಿನ ಮೂತಿ ಬಾಗಿತು. ಹಿಂಭಾಗ ಎದ್ದಿತು, ಇಳೀತು, ಕೂತ್ಕೊಂತು.

ಇನ್ನೂ ಸ್ವಲ್ಪ ದೂರ ಹೋದ್ಮೇಲೆ ಅಜ್ಜಿ ಕೇಳಿದ್ಲು. "ಹೋದ ಸಲ ನಾನು ಇಳಿದ್ನಲ್ಲ, ಆ ಬಂಡೆ ಇನ್ನೂ ಎಷ್ಟು ದೂರ ಕೂಸೇ?"

"ಹಿಂದೆ ಹೋಯ್ತು ಅಜ್ಜಿ."

"ಸುಳ್ಳು!"

"ನಿಮ್ಮಾಣೆಗೂ ದುಂಡಮ್ಮವ್ರೇ," ಮುಂದಿಂದ ಉಸ್ತಾದರು ಅಂದ್ರು, "ಹಿಂದೆ ಹೋಯ್ತು."

ಅಜ್ಜಿ ಮಾದೇವಿ ತೋಳು ಬಿಟ್ಲು. ಬಾಯಗಲ ಮಾಡಿ ನಗೋಕೆ ಶುರು ಮಾಡಿದ್ಲು. ಹೊಳೆ ಬರೋವರೆಗೂ ನಕ್ಕಿದ್ದೇ ನಕ್ಕಿದ್ದು.

ಹೊಳೆ ದಾಟಿ ದಡದ ಸ್ಕೂಲ್ ಮೈದಾನಕ್ಕೆ ಬರೋ ಹೊತ್ತಿಗೆ ಬಸ್ಸಿನ ಇಂಜಿನ್ ಶುರುವಾಗಿತ್ತು. ಮಾದೇವಿ "ನಿಲ್ಸೀ! ನಿಲ್ಸೀ!" ಅಂತ ಸೀಟಿನ ಮೇಲೇ ನಿಂತು ಕೈ ಬೀಸಿದ್ಲು. ನರ್ಸಮ್ಮ ಒಬ್ಬರು ಬಾಗಿಲು ತೆಗೆದು ಕೈ ಚಾಚಿದ್ರು.

ಬಸ್ ಹತ್ತುವಾಗ ಅಜ್ಜಿ ತಿರುಗಿದ್ಲು. ಮಾದೇವಿ ಮುಖನ ಕೈಯಲ್ಲಿ ಸವರಿದ್ಲು. ಹಣೆ, ಮೂಗು, ಗ್ರೀಸ್ ಹತ್ತಿದ ಕೆನ್ನೆ.

"ವಾಪಸ್ ಬಂದ್ಮೇಲೆ ಮೊದಲು ನಿನ್ನ ಮುಖ ನೋಡ್ತೀನಿ. ಆಮೇಲೆ ಆ ನಿನ್ನ ಬೋಲ್ಟು. ಎಷ್ಟು ದಪ್ಪ ಇದೆ ಅಂತ."

ಬಸ್ಸು ಧೂಳೆಬ್ಬಿಸಿ ಹೋಯ್ತು. ಮಾದೇವಿ ಧೂಳು ಇಳಿಯೋವರೆಗೂ ಅಲ್ಲೇ ನಿಂತಿದ್ಲು. ಕಣ್ಣೊರೆಸ್ಕೊಂಡು ಜೀಪಿನ ಹತ್ರ ಬಂದ್ಲು. ಉಸ್ತಾದರು ಬಾನೆಟ್ಟಿಗೆ ಒರಗಿ ನಿಂತಿದ್ರು. ಟವಲು ಮತ್ತೆ ಹೆಗಲ ಮೇಲೆ ಬಂದಿತ್ತು.

"ಉಸ್ತಾದ್, ಒಂದು ಮಾತು ಕೇಳ್ಲಾ?"

"ಕೇಳು."

"ನಾನು ತಪ್ಪು ಬಿಗೀತಿದ್ದಾಗ ನೀವು ನೋಡ್ತಾ ಇದ್ರಿ. ಸ್ಪ್ಯಾನರನ್ನೂ ಕಟ್ಟಿಟ್ಕೊಂಡ್ರಿ. ಅಂದ್ರೆ ಗೊತ್ತಿತ್ತು. ಒಂದೇ ಒಂದು ಮಾತು ನಿನ್ನೇನೇ ಯಾಕೆ ಹೇಳ್ಲಿಲ್ಲ?"

ಉಸ್ತಾದರು ಬಗ್ಗಿ ಚಕ್ರದ ಸಂದೀಲಿ ಸಿಕ್ಕಿದ್ದ ಒಂದು ಕಲ್ಲು ಕಿತ್ತು ಹೊಳೆಗೆ ಎಸೆದ್ರು.

"ಮಾತನ್ನೂ ಭಾರ ಕೂತ ಮೇಲೇ ಬಿಗೀಬೇಕು. ನಿನ್ನೆ ನಿನ್ನ ಚಕ್ರ ಗಾಳೀಲಿತ್ತು, ಬೇಟಾ."